ಸೋಮವಾರದ ಸೊಪ್ಪಿನ ಹೊರೆ

ನನ್ನ ಯಜಮಾನರು ಮೂವತ್ತೊಂದು ವರ್ಷ ರೇಷ್ಮೆ ಇಲಾಖೆಯಲ್ಲಿ ನೌಕರಿ ಮಾಡಿದರು. ಹುನಗುಂದ, ಬಾದಾಮಿ, ಬಾಗಲಕೋಟೆ ತಾಲ್ಲೂಕುಗಳ ಹಳ್ಳಿ ಹಳ್ಳಿ ತಿರುಗಿ, ಹಿಪ್ಪುನೇರಳೆ ಹಚ್ಚಿರಿ, ರೇಷ್ಮೆ ಹುಳು ಸಾಕಿರಿ ಎಂದು ರೈತರ ತಲೆ ತಿಂದರು. ರೈತರು ಚಹಾ ಕುಡಿಸಿ, "ಹೌದ್ರಿ ಸ್ವಾಮ್ಯಾರ, ನೀವು ಹೇಳೂದು ಖರೆ ಐತ್ರಿ" ಎಂದು ತಲೆಯಾಡಿಸಿ, ಮರುದಿನ ಹೋಗಿ ಕಬ್ಬು ಹಚ್ಚುತ್ತಿದ್ದರು. ಹತ್ತರಲ್ಲಿ ಒಬ್ಬ ಮಾತು ಕೇಳಿದನೆಂದರೆ ಅಂದು ನಮ್ಮ ಮನೆಯಲ್ಲಿ ಹಬ್ಬ. ಕಲಾದಗಿಯವರಂತೂ ಮಾತು ಕೇಳದಿದ್ದರೂ ಒಂದು ಚೀಲ ಚಿಕ್ಕು ಕೊಟ್ಟು ಕಳಿಸುತ್ತಿದ್ದರು. ನಾವು ತಿಂದಷ್ಟು ಚಿಕ್ಕು ಇಡೀ ಬಾಗಲಕೋಟೆಯಲ್ಲಿ ಬೇರೆ ಯಾರೂ ತಿಂದಿರಲಿಕ್ಕಿಲ್ಲ.

ನಾನು ಸುನಂದಾ. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುತ್ತಾ ಮುಪ್ಪಾಗಿ, ಈಗ ಪಿಂಚಣಿ ತಿನ್ನುವವಳು. ಮಾತು ಸ್ವಲ್ಪ ಜಾಸ್ತಿ, ಸಿಟ್ಟು ಅದಕ್ಕಿಂತ ಸ್ವಲ್ಪ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ಕೇಳಿ ನಿಮಗೆ ಆಶ್ಚರ್ಯವಾಗುವುದು ಬೇಡ. ಆದರೆ ನಮ್ಮ ಯಜಮಾನರು ಸಂಗಯ್ಯನವರ ಮುಂದೆ ನನ್ನದು ಏನೂ ಅಲ್ಲ. ಹುಳುವಿನ ವಿಷಯ ತೆಗೆದರೆಂದರೆ ತಾಟಿನಲ್ಲಿ ಪಲ್ಲೆ ತಣ್ಣಗಾಗಿ ಎಣ್ಣೆ ಹೆಪ್ಪುಗಟ್ಟಿದರೂ ಅವರ ಮಾತು ಮುಗಿಯುತ್ತಿರಲಿಲ್ಲ. "ಸಾಕ್ರಿ ಮಾರಾಯರ, ಮೊದಲ ಉಣ್ರಿ" ಎಂದು ನಾನು ದಿನಾ ಗದರುತ್ತಿದ್ದೆ.

ಅವರ ನಿವೃತ್ತಿಯಾದ ಮೇಲೆ ಆ ಬಾಯಿಗೆ ಯಾರೋ ಬೀಗ ಹಾಕಿದಂತಾಯಿತು. ಹೇಳಬೇಕಾದ್ದು ತಲೆಯ ತುಂಬ ಇತ್ತು, ಕೇಳುವ ರೈತರೇ ಇರಲಿಲ್ಲ. ನವನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಒಂದೇ ಪೇಪರನ್ನು ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಓದುವುದು. ಏನು ಕೇಳಿದರೂ "ಹೂಂ". ಏನು ಬಡಿಸಿದರೂ "ಸಾಕು". ಎರಡು ವರ್ಷ ನಾನು ಆ ಎರಡು ಶಬ್ದಗಳ ಜೊತೆ ಸಂಸಾರ ಮಾಡಿದೆ. ದವಾಖಾನೆಗೆ ಕರೆದುಕೊಂಡು ಹೋದರೆ ಡಾಕ್ಟರು, ಎಲ್ಲ ಸರಿಯಾಗಿದೆ, ಚೆನ್ನಾಗಿ ಮಾತಾಡಿಸುತ್ತಿರಿ ಎಂದರು. ನಾನು ಮಾತಾಡಿಸದೆ ಇರುವವಳೇ? ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಗದರಲಿಕ್ಕಾದರೂ ಒಂದು ಮಾತು ಬರಲಿ ಎಂದು ಬೇಕೆಂದೇ ಪಲ್ಲೆಗೆ ಉಪ್ಪು ಹೆಚ್ಚಿಗೆ ಹಾಕಿದೆ ಒಮ್ಮೆ. "ಸಾಕು" ಎಂದು ಎದ್ದು ಕೈತೊಳೆದರು.

ಹೋದ ವರ್ಷ ಪಂಚಮಿಗೆ ಮಗಳು ಐಶ್ವರ್ಯ ಬಂದಳು. ಅವಳು ಇಳಕಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಗಂಡನ ಮನೆಯೂ ಅಲ್ಲೇ. ತವರಿಗೆ ಬಂದವಳು ಶೇಂಗಾದುಂಡೆ ತಿನ್ನುತ್ತಾ ಮೊಬೈಲಿನಲ್ಲಿ ಮುಖ ಹುದುಗಿಸಿ ಕುಳಿತಿದ್ದಳು. ಏನದು ಎಂದು ಕೇಳಿದೆ. ಆಟವಂತೆ. ನೂರಾರು ಜನರನ್ನು ಒಂದು ನಡುಗಡ್ಡೆಯಲ್ಲಿ ಬರಿಗೈಯಲ್ಲಿ ಬಿಡುತ್ತಾರಂತೆ. ಕಟ್ಟಿಗೆ ಕಡಿಯಬೇಕು, ಕಲ್ಲು ಆರಿಸಬೇಕು, ಕಾಯಿಪಲ್ಲೆ ಕೂಡಿಹಾಕಬೇಕು, ಮನೆ ಕಟ್ಟಬೇಕು, ತೋಳ ಬಂದರೆ ಓಡಬೇಕು. ಸತ್ತರೆ ಮತ್ತೆ ಹುಟ್ಟಬಹುದು, ಆದರೆ ಗಳಿಸಿದ್ದೆಲ್ಲ ಹೋಗುತ್ತದೆ.

"ಜೀವನಪೂರ್ತಿ ನಾ ಇದನ್ನ ಮಾಡೀನಿ. ಮತ್ತ ಇದನ್ನ ಮೊಬೈಲ್‌ನಾಗ ಯಾಕ ಮಾಡಬೇಕು?" ಎಂದೆ.

ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಒಂದು ಧ್ವನಿ ಬಂತು. "ಅದು ಹಿಪ್ಪುನೇರಳಿ ಗಿಡ!"

ನಾವಿಬ್ಬರೂ ಬೆಚ್ಚಿಬಿದ್ದೆವು. ಇವರು ಕುತ್ತಿಗೆ ಉದ್ದ ಮಾಡಿ ಮಗಳ ಮೊಬೈಲಿನೊಳಗೆ ನೋಡುತ್ತಿದ್ದರು. ಐಶ್ವರ್ಯ ಆ ಗಿಡದ ಸೊಪ್ಪು ಕಿತ್ತು ಒಂದು ಕಟ್ಟಿಗೆ ಪೆಟ್ಟಿಗೆಯಲ್ಲಿ ಸುರಿದಳು. ಒಳಗೆ ಬಿಳಿಯ ಹುಳುಗಳಿದ್ದವು.

"ಅಯ್ಯಯ್ಯ, ಹಂಗ ಗುಡ್ಡಿ ಹಾಕಬಾರದು! ಹುಳಕ್ಕ ಉಸಿರು ಕಟ್ಟತೈತಿ! ತೆಳ್ಳಗ ಹರವಬೇಕು, ತೆಳ್ಳಗ! ಯಾರು ಕಲಿಸಿದ್ರು ನಿನಗ? ರೇಷ್ಮಿ ಇನ್‌ಸ್ಪೆಕ್ಟರನ ಮಗಳಾಗಿ ಹುಟ್ಟಿ ಹಿಂಗ ಹುಳ ಸಾಕ್ತೀ?"

ಎರಡು ವರ್ಷದ ಮೇಲೆ ನಮ್ಮ ಮನೆಯಲ್ಲಿ ಬೈಗುಳ ಕೇಳಿತು. ನಾನು ಅಡುಗೆಮನೆಗೆ ಹೋಗಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಚಹಾಕ್ಕೆ ಇಟ್ಟೆ.

ಅಂದೇ ಆ ಆಟ ಅವರ ಮೊಬೈಲಿಗೂ ಬಂತು. ಐಶ್ವರ್ಯ ನನ್ನ ಮೊಬೈಲಿಗೂ ಹಾಕಿಕೊಟ್ಟಳು. ನಾನು ಒಮ್ಮೆ ತೆರೆದೆ, ತೋಳ ತಿಂದಿತು, ಮುಚ್ಚಿಟ್ಟೆ. ಇವರು ಮಾತ್ರ ಅಲ್ಲೇ ಸಂಸಾರ ಹೂಡಿದರು. ಅವರ ತಂಡದಲ್ಲಿ ನಾಲ್ಕು ಜನ. ತಂಡದ ಹಿರಿಯ ನವೀದ, ಹುನಗುಂದದ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಇಪ್ಪತ್ತೆಂಟು ವರ್ಷ, ಮೂಗಿನ ತುದಿಯಲ್ಲಿ ಸಿಟ್ಟು. ಇನ್ನೊಬ್ಬಳು ಬಾದಾಮಿಯ ಸಂಪದಾ, ಬಿ.ಎಸ್ಸಿ ಓದುವ ಹುಡುಗಿ. ಮೂರನೆಯವಳು ನಮ್ಮ ಐಶ್ವರ್ಯ. ನಾಲ್ಕನೆಯವರು ಅರವತ್ತೆರಡು ವರ್ಷದ ನಮ್ಮ ಯಜಮಾನರು. ಎಲ್ಲರೂ ಅವರವರ ಊರಲ್ಲಿ ಕುಳಿತು ಆಡುತ್ತಾ ಮಾತಾಡುತ್ತಾರೆ. ಇವರು ಕಿವಿಗೆ ಏನೂ ಹಾಕಿಕೊಳ್ಳುವುದಿಲ್ಲ, ಹೀಗಾಗಿ ಮೂರು ಊರಿನ ಮಾತು ನಮ್ಮ ಪಡಸಾಲೆಯಲ್ಲಿ ಕೇಳುತ್ತದೆ. ನವೀದನ ತಾಯಿ ಅಬೇದಾ ಮಧ್ಯಾಹ್ನ ಅಂಗಡಿಗೆ ಬುತ್ತಿ ತಂದು, "ಊಟ ಆರ್ತೈತಿ ನೋಡು" ಎಂದು ಮಗನನ್ನು ಬೈಯುವುದೂ ಕೇಳುತ್ತದೆ. ನಾನು ಇಲ್ಲಿ ಅದೇ ಮಾತನ್ನು ಇವರಿಗೆ ಹೇಳುತ್ತಿರುತ್ತೇನೆ.

ಆ ಮಕ್ಕಳು ಇವರ ಮಾತು ಕೇಳಿದರು. ಅದೇ ದೊಡ್ಡದು. ಯಾರೂ ಕಬ್ಬು ಹಚ್ಚಲಿಲ್ಲ.

"ಅಂಕಲ್, ಹುಳ ಯಾಕ ತಲಿ ಮ್ಯಾಲೆ ಎತ್ತಿ ಸುಮ್ನ ಕುಂತಾವು? ಸತ್ತಾವೇನ್ರಿ?" ಎಂದು ನವೀದ ಗಾಬರಿಯಾಗಿ ಕೇಳುತ್ತಿದ್ದ.

"ಜ್ವರಕ್ಕ ಕುಂತಾವ್ಲೇ ತಮ್ಮಾ. ಜ್ವರ ಅಂದ್ರ ಖರೆ ಜ್ವರ ಅಲ್ಲ, ಪೊರಿ ಬಿಡ್ತಾವು. ನಾಕು ಸರ್ತೆ ಬಿಡ್ತಾವು. ಮುಟ್ಟಬ್ಯಾಡ, ಸೊಪ್ಪು ಹಾಕಬ್ಯಾಡ, ಎದ್ದಮ್ಯಾಲೆ ಹೊಟ್ಟಿತುಂಬ ಹಾಕು."

"ಕಾಕಾ, ಇದನ್ನ ನಾ ಬರಕೊಳ್ಳಿಕ್ಕತ್ತೀನಿ, ಸ್ವಲ್ಪ ಸಾವಕಾಶ ಹೇಳ್ರಿ" ಎನ್ನುತ್ತಿದ್ದಳು ಸಂಪದಾ.

ಸಾವಕಾಶ ಹೇಳಿರೆಂದು ಇವರಿಗೆ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. ಎಲ್ಲರೂ ಲಗೂ ಮುಗಿಸಿರೆಂದೇ ಹೇಳಿದವರು. ಆ ಹುಡುಗರು ಇವರಿಗೆ ರೇಷ್ಮೆ ಸಾಹೇಬರೆಂದು ಹೆಸರಿಟ್ಟರು. ಇವರು ಗಡ್ಡ ಕೆರೆದುಕೊಂಡು ಹುಳು ಸಾಕಿದರು. "ಮೂವತ್ತೊಂದು ವರ್ಷ ಮಂದಿಗೆ ಹೇಳಿ ಹೇಳಿ, ಕಡೀಕ ನೀವೂ ಒಂದು ಹುಳ ಸಾಕಿದ್ರಿ ನೋಡ್ರಿ. ಅದೂ ಕೈಗೆ ಸಿಗಲಾರದ್ದು" ಎಂದು ನಾನು ಚೇಷ್ಟೆ ಮಾಡಿದರೆ ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ರಾತ್ರಿ ತಾಟಿನಲ್ಲಿ ಪಲ್ಲೆ ಮತ್ತೆ ತಣ್ಣಗಾಗತೊಡಗಿತು. ನನ್ನ ಹೊಟ್ಟೆ ಮಾತ್ರ ತಂಪಾಗಿತ್ತು. ಮೇಲೆ ಮೇಲೆ ಗದರುತ್ತಿದ್ದೆ, ಅದು ನನ್ನ ಅಭ್ಯಾಸ.

ಇವರು ಆ ನಡುಗಡ್ಡೆಯಲ್ಲಿ ಒಂದು ಕಾಡೆತ್ತನ್ನು ಹಿಡಿದು ಪಳಗಿಸಿದ್ದರು. ಹದಿನೈದು ದಿನ ಹುಲ್ಲು ಹಾಕಿ, ಹತ್ತಿರ ಹೋಗಿ, ಒದೆಸಿಕೊಂಡು, ಎರಡು ಸಲ ಸತ್ತು, ಮತ್ತೆ ಹುಟ್ಟಿ ಬಂದು ಪಳಗಿಸಿದ್ದು. ಮಲ್ಲ್ಯಾ ಎಂದು ಹೆಸರು. ಮಲ್ಲ್ಯಾನಿಗೆ ಗಾಡಿ ಹೂಡಿದರೆ ಹೊಳೆಯಾಚೆಯ ಹಿಪ್ಪುನೇರಳೆ ತೋಪಿನಿಂದ ಒಂದೇ ಸಲಕ್ಕೆ ಐವತ್ತು ಹೊರೆ ಸೊಪ್ಪು ಬರುತ್ತಿತ್ತು. ಮನುಷ್ಯರು ಹೊತ್ತರೆ ತಲೆಗೆ ಒಂದೇ ಹೊರೆ. ಆ ಎತ್ತು ಪಳಗಿಸಿದವರ ಮಾತನ್ನಷ್ಟೇ ಕೇಳುತ್ತಿತ್ತು.

ದೀಪಾವಳಿ ಮುಗಿದ ವಾರ ಆಟದಲ್ಲಿ ಒಂದು ಡಂಗುರ ಬಂತು. ಬರುವ ಮಂಗಳವಾರ ಮಧ್ಯಾಹ್ನದಿಂದ ನಡುಗಡ್ಡೆಯ ಮೇಲೆ ಹಿಮ ಬೀಳುತ್ತದೆ. ರೇಷ್ಮೆಯ ಒಳಬಟ್ಟೆ ಹಾಕಿದ ಡೇರೆ ಇಲ್ಲದ ತಂಡ ಸೆಟೆದು ಸಾಯುತ್ತದೆ. ಮೂರು ತಿಂಗಳು ಗಳಿಸಿದ ಮನೆ, ಕಣಜ, ಎತ್ತು, ಎಲ್ಲ ಹೋಗುತ್ತದೆ. ಮಕ್ಕಳು ಇವರ ಕಡೆ ನೋಡಿದರು. ಇವರು ತಮ್ಮ ಹಳೆಯ ಇಲಾಖೆಯ ವಹಿ ತೆಗೆದು, ಕನ್ನಡಕ ಏರಿಸಿ, ನಕ್ಷೆ ಹಾಕಿದರು. ಆಟದಲ್ಲಿ ದಿನಕ್ಕೊಂದು ಜ್ವರ. ಗುರುವಾರ ಮರಿ ಬಿಟ್ಟರೆ ನಾಲ್ಕು ಜ್ವರ ಮುಗಿಸಿ ಐದನೆಯ ದಿನ ಹುಳು ಹಸಿದು ಏಳುತ್ತದೆ. ಆ ಒಂದು ದಿನ ನೂರೈವತ್ತು ಹೊರೆ ಸೊಪ್ಪು ಬೇಕು. ಹಿಂದಿನ ದಿನ ತಂದಿಟ್ಟರೆ ಬಾಡುತ್ತದೆ, ಬಾಡಿದ್ದನ್ನು ಹುಳು ಮುಟ್ಟುವುದಿಲ್ಲ. ಹೊಟ್ಟೆ ತುಂಬಿದರೆ ಸಂಜೆಗೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ, ಮರುದಿನ ಮುಂಜಾನೆ ನೂಲು ತೆಗೆಯಬಹುದು. ಬಿಸಿಲು, ತೇವ, ಗಾಳಿ ಎಲ್ಲದರ ಲೆಕ್ಕವೂ ಅದರಲ್ಲಿತ್ತು. ಐದನೆಯ ದಿನ ಯಾವ ವಾರ ಎಂಬುದೊಂದನ್ನು ಪುಣ್ಯಾತ್ಮರು ನೋಡಲಿಲ್ಲ.

ರವಿವಾರ ಸಂಜೆ ಸಂಪದಾ ಕೇಳಿದಳು, "ಕಾಕಾ, ನಾಳೆ ಮುಂಜಾನೆ ಎಷ್ಟಕ್ಕ ಗಾಡಿ ಹೂಡೋಣ?"

"ಆರಕ್ಕ ಹೂಡಿದ್ರ..." ಎಂದವರು ತಟ್ಟನೆ ನಿಂತರು. ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಮುಖ ಇಳಿಯಿತು. "ನಾಳೆ ಸೋಮವಾರ" ಎಂದರು.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ, ಎತ್ತಿಗೆ ವಿಶ್ರಾಂತಿ. ಬೇವೂರಿನಲ್ಲಿ ಇವರ ತಾಯಿ ಬಸಲಿಂಗವ್ವ ಇದನ್ನು ಎಷ್ಟು ಬಿಗಿಯಾಗಿ ನಡೆಸಿದವರೆಂದರೆ, ಬಿತ್ತುವ ಹದ ತಪ್ಪಿ ಹೋದರೂ ಸೋಮವಾರ ನೊಗ ಮುಟ್ಟಗೊಡುತ್ತಿರಲಿಲ್ಲ. ಇವರು ಹನ್ನೆರಡು ವರ್ಷದವರಿದ್ದಾಗ ಹುಡುಗಾಟಕ್ಕೆಂದು ಸೋಮವಾರ ಗಾಡಿ ಹೂಡಿದ್ದರಂತೆ. ಅತ್ತೆಯವರು ಬಂದು ಎತ್ತು ಬಿಚ್ಚಿ, ಅದೇ ನೊಗವನ್ನು ಮಗನ ಹೆಗಲಿಗೇರಿಸಿ, ಅಂಗಳದಲ್ಲಿ ಮಧ್ಯಾಹ್ನದವರೆಗೆ ನಿಲ್ಲಿಸಿದರಂತೆ. "ಭಾರ ಎಷ್ಟೈತಿ ತಿಳಕೋ" ಎಂದಿದ್ದರಂತೆ. ಆ ಕಥೆಯನ್ನು ಇವರು ನನಗೆ ನೂರು ಸಲ ಹೇಳಿದ್ದಾರೆ, ಹೇಳುವಾಗಲೆಲ್ಲ ಎಡ ಹೆಗಲನ್ನು ಮುಟ್ಟಿಕೊಳ್ಳುತ್ತಾರೆ.

"ಅಂಕಲ್, ಇದು ಗೇಮ್ ಐತ್ರೀ! ಎತ್ತು ಖರೆ ಎತ್ತಲ್ಲ, ಚಿತ್ರ ಐತಿ!" ನವೀದ ಕೂಗಿದ.

"ಹುಳಾನೂ ಚಿತ್ರನ ಐತಿ. ಹುಳಾನ ಖರೆ ಹುಳದಂಗ ಜ್ವಾಪಾನ ಮಾಡು ಅಂದಾಗ ಹೂಂ ಅಂದಿ. ಹುಳ ಖರೆ ಆದಮ್ಯಾಲೆ ಎತ್ತು ಹೆಂಗ ಸುಳ್ಳಾಗತೈತಿ?"

"ಮತ್ತ ಗೂಡು ಕುದಿನೀರಾಗ ಹಾಕಾಕ ಯಾವ ವಾರದ ಅಡ್ಡಿನೂ ಇಲ್ಲೇನ್ರಿ?"

"ಅದು ಬ್ಯಾರೆ."

"ಹೆಂಗ ಬ್ಯಾರೆ?"

"ಬ್ಯಾರೆ ಅಂದ್ರ ಬ್ಯಾರೆ."

ನಾನು ಬಾಗಿಲ ಮರೆಯಲ್ಲಿ ಬಾಯಿಗೆ ಸೆರಗು ಹಿಡಿದು ನಕ್ಕೆ. ಸಂಪದಾ, "ಕಾಕಾ, ಎತ್ತನ್ನ ನನ್ನ ಹೆಸರಿಗೆ ಮಾಡಿಕೊಡ್ರಿ, ನಾ ಹೂಡ್ತೀನಿ" ಎಂದಳು. "ನಾ ಹೂಡಿದ್ರೇನು, ಮಂದಿ ಕಡೆ ಹೂಡಿಸಿದ್ರೇನು, ಹೆಗಲು ಅದರದ್ದ ಅಲ್ಲೇನವ್ವಾ?" ಎಂದರು ಇವರು. "ಅಪ್ಪಾ, ಒಂದ ದಿನ" ಎಂದು ಐಶ್ವರ್ಯ ಗೋಗರೆದಳು. ಅದಕ್ಕೂ ಬಗ್ಗಲಿಲ್ಲ. ಕೊನೆಗೆ ನವೀದನ ಧ್ವನಿ ಗಡುಸಾಯಿತು.

"ಅಂಕಲ್, ಮೂರು ತಿಂಗಳು ನಿಮ್ಮ ಮಾತು ಕೇಳೇವಿ. ನಾಳೆ ಹುಳ ಉಪಾಸ ಬಿದ್ದು ಸತ್ರ, ನಮ್ಮದೆಲ್ಲಾ ಹೋಗತೈತಿ. ಹಂಗೇನರ ಆತಂದ್ರ ತಂಡದಾಗ ನೀವು ಇರಬ್ಯಾಡ್ರಿ. ಬೇಜಾರ ಮಾಡಕೋಬ್ಯಾಡ್ರಿ, ನಾ ಸೀದಾ ಹೇಳಾಂವ."

"ಆತು. ತಲಿ ಮ್ಯಾಲೆ ಹೊತ್ತು ತರ್ತೇನಿ. ಹುಳ ಸತ್ರ ನಾ ಇರಂಗಿಲ್ಲ" ಎಂದರು ಇವರು.

ನನ್ನ ನಗು ಅಲ್ಲಿಗೆ ನಿಂತಿತು. ಇರಂಗಿಲ್ಲ ಎಂದರೆ ಏನೆಂದು ಆ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಅವನಿಗೆ ಒಬ್ಬ ಆಟಗಾರ ಕಡಿಮೆಯಾಗುತ್ತಾನೆ, ಅಷ್ಟೇ. ನನಗೆ ಮತ್ತೆ ಆ ಕುರ್ಚಿ, ಆ ಪೇಪರು, ಆ "ಹೂಂ", ಆ "ಸಾಕು".

ಸೋಮವಾರ ಮುಂಜಾನೆ ಐದೂವರೆಗೇ ಎದ್ದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಮೊಬೈಲು ಹಿಡಿದು ಕುಳಿತರು. ಐಶ್ವರ್ಯಳಿಗೂ ಸಂಪದಾಳಿಗೂ ಕಾಲೇಜಿನ ದೀಪಾವಳಿ ಸೂಟಿ ಇನ್ನೂ ಮುಗಿದಿರಲಿಲ್ಲ. ಅವರೂ ಬಂದರು. ನವೀದ ಅಂಗಡಿಯಲ್ಲಿ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದ, ಕೈ ಹಚ್ಚಲಿಲ್ಲ. ಎತ್ತು ಇದ್ದೂ ಹೊರುವ ಹುಚ್ಚರ ಜೊತೆ ನಾನು ಸೇರುವುದಿಲ್ಲ ಎಂದ. ಮಲ್ಲ್ಯಾ ಗಿಡದ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಾ ಇವರು ಹೊತ್ತು ತರುವುದನ್ನು ನೋಡುತ್ತಿತ್ತು.

ನಾನು ರೊಟ್ಟಿ ಬಡಿದೆ, ಪಲ್ಲೆ ಮಾಡಿದೆ, ಬಟ್ಟೆ ಒಗೆದೆ, ನಡುನಡುವೆ ಬಂದು ಇಣುಕಿದೆ. ಹನ್ನೆರಡು ಗಂಟೆಗೆ ಐವತ್ತೇ ಹೊರೆ ಬಂದಿದ್ದವು. ಹುಳುಗಳ ಹೊಟ್ಟೆ ಎಷ್ಟು ತುಂಬಿದೆ ಎಂದು ತೋರಿಸುವ ಹಸಿರು ಗೆರೆ ಸಣ್ಣದಾಗಿ ಕೆಂಪಾಗಿತ್ತು. ಇವರ ಮುಖ ನೋಡಲಿಕ್ಕೆ ಆಗಲಿಲ್ಲ. ಊಟಕ್ಕೆ ಕರೆದೆ. "ಹೂಂ" ಎಂದರು.

ಆ "ಹೂಂ" ಕೇಳಿದ್ದೇ ತಡ, ನಾನು ಒಳಗೆ ಹೋಗಿ ನನ್ನ ಮೊಬೈಲು ತಂದು ಅವರ ಪಕ್ಕದಲ್ಲಿ ಕುಳಿತೆ. "ಎಲ್ಲಿ ಐತಿ ನಿಮ್ಮ ತೋಪು? ದಾರಿ ತೋರಸ್ರಿ" ಎಂದೆ.

"ನೀನಾ?"

"ಯಾಕ, ನಿಮ್ಮ ಹುಳ ನನ್ನ ಕೈಯಾಗಿನ ಸೊಪ್ಪು ತಿನ್ನಂಗಿಲ್ಲೇನು?"

ಮೊದಲ ಸಲ ಹೊಳೆಯಲ್ಲಿ ಬಿದ್ದು ಹೊರೆ ತೇಲಿ ಹೋಯಿತು. ಎರಡನೆಯ ಸಲ ತೋಪು ಬಿಟ್ಟು ಬೇರೆಯವರ ಬೇಲಿಯೊಳಗೆ ಹೋದೆ, ಯಾರೋ ಕಲ್ಲು ಹೊಡೆದರು. "ಎಡಕ್ಕ ತಿರುಗು, ಎಡಕ್ಕ" ಎಂದು ಇವರು ಕೂಗಿದರೆ, "ನೀವು ಮೊದಲ ದಾರಿ ಬಿಡ್ರಿ, ಮುಂದ ನಿಂತು ಎಡ ಬಲ ಅಂತೀರಿ" ಎಂದು ನಾನು ಕೂಗಿದೆ. ಅತ್ತ ಐಶ್ವರ್ಯಳೂ ಸಂಪದಾಳೂ ನಕ್ಕು ನಕ್ಕು ಸುಸ್ತಾದರು. ಮೂರನೆಯ ಸಲಕ್ಕೆ ನನಗೆ ದಾರಿ ಗೊತ್ತಾಯಿತು. ನಾಲ್ಕನೆಯ ಸಲ ತೋಪಿನಲ್ಲಿ ಇವರ ಪಕ್ಕದಲ್ಲೇ ನಿಂತು ಸೊಪ್ಪು ಕೀಳುವಾಗ ಒಂದು ವಿಚಿತ್ರ ಕಂಡೆ. ನಾನು ಒಂದು ಹೊರೆ ಕಿತ್ತು ಮುಗಿಸಿದರೆ ಇವರದು ಅರ್ಧವೂ ಆಗಿರಲಿಲ್ಲ.

"ಏನ ಮಾಡಾಕತ್ತೀರಿ?"

"ಐದನೇ ಹಂತದ ಹುಳಕ್ಕ ಬಲತ ಎಲಿ ಹಾಕಬೇಕು. ತುದಿ ಚಿಗುರು ಬಿಟ್ಟು ಕೀಳಾಕತ್ತೇನಿ."

"ಈ ಆಟದಾಗ ಚಿಗುರು ಬ್ಯಾರೆ, ಬಲತದ್ದು ಬ್ಯಾರೆ ಐತೇನು?"

ಆ ಕಡೆಯಿಂದ ಸಂಪದಾ ಮೆಲ್ಲಗೆ, "ಇಲ್ರಿ ಕಾಕು, ಎಲ್ಲಾ ಎಲಿ ಒಂದೇ. ಕಾಕಾ ಹೇಳ್ಯಾರಂತ ನಾವೂ ಮುಂಜಾನಿಂದ ಚಿಗುರು ಬಿಟ್ಟ ಕೀಳ್ಲಿಕ್ಕತ್ತೀವಿ" ಎಂದಳು.

ದೇವರೇ! ಬೆಳಗಿನಿಂದ ಮೂವರೂ ಕೂಡಿ ಒಂದೊಂದೇ ಎಲೆ ಆರಿಸಿ ಕೀಳುತ್ತಿದ್ದರು. ನಾನು ಶಾಲೆಯ ಧ್ವನಿ ತೆಗೆದೆ. "ಎಲ್ಲಾರೂ ಕೇಳ್ರಿ. ಇನ್ನ ಮ್ಯಾಲೆ ಚಿಗುರೂ ಕೀಳ್ರಿ, ಕಡ್ಡೀನೂ ಕೀಳ್ರಿ, ಗಿಡಾನ ಬೋಳಿಸ್ರಿ. ರೇಷ್ಮಿ ಸಾಹೇಬ್ರು ಒಂದು ಮಾತು ಆಡಿದ್ರ ಹೊರಿ ಕಡಿಮಿ ಬರತಾವು, ಅವರು ಬಾಯಿ ಮುಚ್ಚಿ ಹೊರಲಿ." ಇವರು ಪಾಠ ತಪ್ಪಿದ ಹುಡುಗನ ಹಾಗೆ ತಲೆ ತಗ್ಗಿಸಿ ಹೊತ್ತರು.

ಮೂರು ಗಂಟೆಯ ಸುಮಾರಿಗೆ ಹೊಳೆಯ ದಂಡೆಯಲ್ಲಿ ಐದನೆಯ ಒಬ್ಬ ತಲೆಯ ಮೇಲೆ ಹೊರೆ ಹೊತ್ತು ಬರುವುದು ಕಂಡಿತು. ನವೀದ. ಹೊರೆ ಸುರಿದು ತಿರುಗಿ ಹೋದ. "ಏನಪಾ ತಮ್ಮಾ, ಹುಚ್ಚರ ಜೋಡಿ ಸೇರಿದೆಲ್ಲ?" ಎಂದೆ. "ಹುಳಕ್ಕ ಹಸಿವಾಗೇತ್ರಿ ಆಂಟಿ, ನನ್ನ ಸಿಟ್ಟು ತಗೊಂಡು ಅವೇನ ಮಾಡ್ತಾವು" ಎಂದ. ಒಳ್ಳೆಯ ಹುಡುಗ. ಅವತ್ತು ರಿಪೇರಿಗೆ ಬಂದವರಿಗೆಲ್ಲ ನಾಳೆ ಬನ್ನಿ ಎಂದನಂತೆ.

ಸಂಜೆ ಆರಕ್ಕೆ ನೂರೈವತ್ತನೆಯ ಹೊರೆ ಬಿತ್ತು. ಹಸಿರು ಗೆರೆ ತುಂಬಿತು. ಸ್ವಲ್ಪ ಹೊತ್ತಿಗೆ ಹುಳುಗಳ ಮೈ ಹಳದಿಯಾಗಿ, ಒಂದೊಂದಾಗಿ ತಲೆಯೆತ್ತಿ ಎಳೆ ಬಿಡತೊಡಗಿದವು. "ಹಣ್ಣಾದ್ವು! ಹಣ್ಣಾದ್ವು ನೋಡ್ರಿ!" ಎಂದು ಇವರು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ನವೀದ ಸೀಟಿ ಹೊಡೆದ. ನನ್ನ ಹೆಬ್ಬೆರಳು ಊದಿತ್ತು, ಕತ್ತು ಹಿಡಿದಿತ್ತು, ಮಧ್ಯಾಹ್ನದ ಪಾತ್ರೆ ಹಾಗೇ ಬಿದ್ದಿದ್ದವು, ರಾತ್ರಿಯ ಅಡುಗೆ ಬೇರೆ ಆಗಬೇಕಿತ್ತು. ಆದರೂ ನನಗೆ ಖುಷಿಯಾಗಿತ್ತು. ಖರೆ ಹೇಳುತ್ತೇನೆ, ಆ ಕ್ಷಣದವರೆಗೆ ಖುಷಿಯೇ ಇತ್ತು.

ಆಗ ಇವರು ಅಂದರು, "ತಡೀರಿ, ಮಲ್ಲ್ಯಾಗ ಎರಡು ಹಿಡಿ ಹುಲ್ಲು ಹಾಕಿ ಬರ್ತೇನಿ. ಪಾಪ, ದಿನಾ ದುಡಿತೈತಿ. ವಾರಕ್ಕ ಒಂದಿನ ಹೆಗಲು ಆರಬೇಕು ಅದರದ್ದು. ಸುನಂದಾ, ನೀ ಅಷ್ಟರಾಗ ಎಲ್ಲಾರಿಗೂ ಆಗುವಂಗ ಅಲ್ಲೆ ಆಟದಾಗ ಕಾಯಿಪಲ್ಲೆ ಕುದಿಸು, ಆಮ್ಯಾಲೆ ಇಲ್ಲೂ ಒಂದು ಕಪ್ ಚಹಾ ಮಾಡು."

ಅಲ್ಲೂ ಅಡುಗೆ, ಇಲ್ಲೂ ಚಹಾ. ನನ್ನ ಬಾಯಿ ನನಗಿಂತ ಮುಂಚೆ ತೆರೆಯಿತು.

"ಎತ್ತಿಗೆ ಸೋಮವಾರ ಸಿಕ್ತು, ಛಲೋ ಆತು. ನಿಮ್ಮ ಮನ್ಯಾಗ ಕಾಲಿಟ್ಟು ಮೂವತ್ನಾಕು ವರ್ಷ ಆತು ನಾನು. ಸಾಲಿಗೆ ಸೂಟಿ ಇದ್ರ ಮನ್ಯಾಗ ದುಡದೆ, ಮನಿ ಮುಗದ್ರ ಸಾಲ್ಯಾಗ ದುಡದೆ. ನನ್ನ ಹೆಗಲು ಆರೋ ವಾರ ಯಾವುದ್ರಿ?"

ಮೂರು ಊರಿಗೆ ಕೇಳಿತು ಅದು. ನವೀದ ಮೊದಲು ನಕ್ಕ, ಆಮೇಲೆ ನಗು ನುಂಗಿದ. ಹುನಗುಂದದ ಅಂಗಡಿಯೊಳಗಿಂದ ಅಬೇದಾ ಅವರ ಧ್ವನಿ ಮಾತ್ರ ಸ್ಪಷ್ಟವಾಗಿ ಬಂತು. "ಖರೆ ಕೇಳಿದ್ರಿ ಅಕ್ಕೋರ. ಇದನ್ನ ಯಾರರೆ ಕೇಳಬೇಕಾಗಿತ್ತು."

ಇವರು ನನ್ನ ಮುಖ ನೋಡಿದರು. ಕೈ ಎಡ ಹೆಗಲಿಗೆ ಹೋಯಿತು. ಮೊಬೈಲು ಕೆಳಗಿಟ್ಟು ಎದ್ದು ಹೋದರು.

ಮಂಗಳವಾರ ನೂಲು ಬಂತು, ಡೇರೆ ಆಯಿತು, ಹಿಮ ಬಿತ್ತು, ಯಾರೂ ಸಾಯಲಿಲ್ಲ. "ಅಂಕಲ್, ನಿಮ್ಮಂಥಾವ್ರು ಮತ್ತೊಬ್ಬರಿಲ್ಲ ಬಿಡ್ರಿ, ನಿಮ್ಮನ್ನ ಬಿಟ್ಟು ಎಲ್ಲೂ ಹೋಗಾಂವಲ್ಲ ನಾ" ಎಂದು ನವೀದ ಒದರಿದ. ಇವರು "ಹೂಂ" ಎಂದರು. ಮಧ್ಯಾಹ್ನ ಎರಡನೆಯ ರೊಟ್ಟಿ ಹಾಕಲಿಕ್ಕೆ ಹೋದರೆ "ಸಾಕು" ಎಂದರು.

ಈ ಮನುಷ್ಯನ ಮಾತು ಉಳಿಯಲಿ ಎಂದು ಹೊಳೆ ದಾಟಿ ಸೊಪ್ಪು ಹೊತ್ತವಳು ನಾನು. ಒಂದೇ ಮಾತಿನಿಂದ ಆ ಬಾಯಿಯನ್ನು ಮುಚ್ಚಿದವಳೂ ನಾನೇ. ಬುಧವಾರ, ಗುರುವಾರ, ಹಾಗೇ. ಅದರ ಮೇಲೆ ಇನ್ನೊಂದು ಹೊಸ ಕಾಟ ಶುರುವಾಯಿತು. ನಾನು ರೊಟ್ಟಿಗೆ ಕುಳಿತರೆ ಇವರು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಏನ್ ಬೇಕಾಗಿತ್ರಿ?" ಎಂದರೆ "ಹೂಂ". ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ನನಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ರವಿವಾರ ತಡೆಯಲಾರದೆ ನಾನೇ ಸೋತೆ. "ಅವತ್ತ ಅಂದದ್ದನ್ನ ಮನಸಿಗೆ ಹಚ್ಚಿಕೋಬ್ಯಾಡ್ರಿ, ಎಲ್ಲಾರ ಮುಂದ ಅನ್ನಬಾರದಾಗಿತ್ತು" ಎಂದೆ. "ಹೂಂ" ಎಂದು ಮಗ್ಗುಲು ತಿರುಗಿ ಮಲಗಿದರು.

ಮರುದಿನ ಮುಂಜಾನೆ ನನಗೆ ಎಚ್ಚರವಾದದ್ದು ತಪ್ ತಪ್ ಎನ್ನುವ ಸಪ್ಪಳಕ್ಕೆ. ಪಕ್ಕದ ಹಾಸಿಗೆ ಖಾಲಿ. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಹೋಗಿ ನೋಡಿದರೆ ಇವರು ನೆಲಕ್ಕೆ ಕುಳಿತು, ಹಲಗೆಯ ಮೇಲೆ ರೊಟ್ಟಿ ಬಡಿಯುತ್ತಿದ್ದರು. ಮೈಕೈಯೆಲ್ಲ ಹಿಟ್ಟು, ಯಾವುದು ವಿಭೂತಿ ಯಾವುದು ಜೋಳದ ಹಿಟ್ಟು ತಿಳಿಯುವಂತಿರಲಿಲ್ಲ. ಮುಂದೆ ಇಲಾಖೆಯ ಆ ಹಳೆಯ ವಹಿ ತೆರೆದಿತ್ತು. ಬಗ್ಗಿ ಓದಿದೆ. ಎಸರು, ಪೂರ್ತಿ ಕುದಿ ಬಂದ ಮೇಲೆ. ಹಿಟ್ಟು ನಾದುವುದು, ಅಂಗೈಯ ಬುಡದಿಂದ. ನಡುವೆ ಅವಳು ನೀರಲ್ಲಿ ಕೈ ಅದ್ದುವುದು, ಮೂರು ಸಲ. ಬುಧವಾರ, ಗುರುವಾರ, ಶುಕ್ರವಾರ ಎಂದು ದಿನವಾರು ಬರೆದಿದ್ದರು. ಶನಿವಾರದ ಕೆಳಗೆ, ಅವಳು ಬಲ ಮಂಡಿ ಹಿಡಿದುಕೊಂಡು ಏಳುತ್ತಾಳೆ ಎಂದಿತ್ತು.

ನನಗೆ ಮಾತು ಹೊರಡಲಿಲ್ಲ. ಇದು ನನ್ನ ಜೀವನದಲ್ಲಿ ಅಪರೂಪ.

"ಹೊರಗ ಹೋಗಿ ಕುಂದ್ರು" ಎಂದರು ಇವರು, ನೋಡದೆ. "ಇವತ್ತ ಸೋಮವಾರ. ಈ ಮನ್ಯಾಗ ಇನ್ನ ಮ್ಯಾಲೆ ಸೋಮವಾರ ನೀ ಒಲಿ ಮುಟ್ಟಂಗಿಲ್ಲ. ಅವ್ವ ಇದ್ದಿದ್ರ ನನ್ನ ಅಂಗಳದಾಗ ನಿಲ್ಲಸ್ತಿದ್ಲು. ಅಲ್ಲಾ, ಈ ರೊಟ್ಟಿ ಅಂಚು ಯಾಕ ಒಡಿತೈತಿ ಗೊತ್ತೇನು? ತೇವಾಂಶ! ಹುಳದ ಮನಿ ಇದ್ದಂಗ ಇದು. ತೇವಾಂಶ ಕಡಿಮಿ ಆತೋ, ಅಂಚು ಸೀಳತೈತಿ. ಜಾಸ್ತಿ ಆತೋ, ಹಲಗಿಗೆ ಹಿಡಿತೈತಿ. ನಿನ್ನ ರೊಟ್ಟಿ ಯಾಕ ಒಡಿಯಂಗಿಲ್ಲ ಅನ್ನೂದನ್ನ ನಾ ಒಂದು ವಾರ ಅಭ್ಯಾಸ ಮಾಡೇನಿ, ಅದರ ಕಾರಣ ಮೂರು..."

ಬಂತು. ಮೂರಲ್ಲ, ಮೂವತ್ತು ಕಾರಣ ಬಂದವು. ಬಾಗಿಲಲ್ಲಿ ನಿಂತು ಕೇಳಿದೆ. ಅಷ್ಟರಲ್ಲಿ ಕಟ್ಟೆಯ ಮೇಲಿದ್ದ ಮೊಬೈಲಿನಿಂದ ನವೀದ, "ಅಂಕಲ್, ಕಟ್ಟಿಗಿ ತರಬೇಕು, ಇವತ್ತ ಮಲ್ಲ್ಯಾನ್ನ ಕೇಳಂಗಿಲ್ಲ ಬಿಡ್ರಿ, ಆಂಟಿ ಆದ್ರೂ ಬರ್ತಾರೇನು ಹೊರಾಕ?" ಎಂದು ಕೇಳಿದ.

"ಇಬ್ಬರಿಗೂ ಸೂಟಿ" ಎಂದರು ಇವರು.

"ಇಬ್ಬರಿಗೂ ಅಂದ್ರ? ನನ್ನ ತಗೊಂಡು ಹೋಗಿ ಎತ್ತಿನ ಜೋಡಿ ಸೇರಿಸಿದ್ರೇನು?" ಎಂದೆ.

"ನೀನ ಕೇಳಿದ್ಯಲ್ಲ, ಮೂರು ಊರಿಗೆ ಕೇಳುವಂಗ" ಎಂದು ನಕ್ಕರು.

ಹೋಗಿ ಪಡಸಾಲೆಯಲ್ಲಿ ಅವರ ಕುರ್ಚಿಯ ಮೇಲೆ ಕುಳಿತೆ. ತಾಟು ಬಂತು. ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸುಟ್ಟಿತ್ತು, ನಡುವೆ ತೂತು. ಇವರು ಎದುರಿಗೆ ನಿಂತು ಹೆಂಚಿನ ಕಾವಿನ ಬಗ್ಗೆ ಹೇಳುತ್ತಲೇ ಇದ್ದರು. ಚಟ್ನಿ ಹಚ್ಚಿಕೊಂಡು, ಅಗಿದು ಅಗಿದು, ಒಂದನ್ನು ಹೇಗೋ ಮುಗಿಸಿದೆ.

"ಇನ್ನೊಂದು ಹಾಕಲೇನು?" ಎಂದರು.

ಸಾಕು ಎನ್ನುವ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಹಾಕ್ರಿ" ಎಂದೆ.